ಹದಿನೇಳು-ಬಿ

ವರ್ಷಕ್ಕೊಂದು ಸಲ, ಹುಲ್ಲು ಕೊಯ್ದ ಮೇಲೆ,
ಈ ಏರಿಯ ಮೇಲೆ ನಡೆಯುವುದು ನನ್ನ ಕೆಲಸ.
ಗಂಟೆಗೆ ಹದಿನೈದು ಡಾಲರು, ಪೆಟ್ರೋಲು ಬೇರೆ.
ಹೆಸರಿಲ್ಲ ಇದಕ್ಕೆ. ಕಡತದಲ್ಲಿ ಹದಿನೇಳು-ಬಿ.
ಎಮಿಲ್ ಕುಬಿಚೆಕ್ ಮಾತ್ರ 'ನಮ್ಮಪ್ಪನ ದಿಬ್ಬ' ಅನ್ನುತ್ತಾನೆ.
ಐವತ್ತೆಂಟರಲ್ಲಿ ಅವನಪ್ಪ ಜಾಗ ಕೊಟ್ಟ, ಮಣ್ಣು ಕೊಟ್ಟ,
ಸರ್ಕಾರದ ಎಂಜಿನಿಯರು ಕೈಕುಲುಕಿ ಹೇಳಿದ:
ಐವತ್ತು ವರ್ಷ ಗ್ಯಾರಂಟಿ.
ಆಗ ಒಂಬತ್ತರ ಹುಡುಗ ಎಮಿಲ್, ಈಗ ಎಪ್ಪತ್ತಾರು.
ಲೆಕ್ಕ ನೀವೇ ಮಾಡಿ.

ಮಳೆಗಾಲ ಎಂಬುದಿಲ್ಲ ನೆಬ್ರಾಸ್ಕಾದಲ್ಲಿ.
ಮಳೆ ಬರುವುದು ಜಗಳದ ಹಾಗೆ, ಯಾವುದೋ ಸಂಜೆ,
ಪಡುವಣದಿಂದ ಬಾಗಿಲು ಒದ್ದುಕೊಂಡು.
ಮಿಕ್ಕ ದಿನ ಇಲ್ಲಿ ಬೊಗಸೆ ನೀರು, ಎರಡು ಬಾತು,
ಹೂಳಿನಲ್ಲಿ ಅರ್ಧ ಹೂತ ಟ್ರಾಕ್ಟರಿನ ಟೈರು.
ಖಾಲಿ ಇರುವುದೇ ಇದರ ಉದ್ಯೋಗ.
ಖಾಲಿ ಕೂತವರನ್ನು ಊರು ಮರೆಯುತ್ತದೆ.

ಬರೆದುಕೊಳ್ಳುತ್ತೇನೆ:
ಒಳಮೈಯಲ್ಲಿ ವಿಲ್ಲೋ ಗಿಡ, ಹೆಬ್ಬೆರಳ ದಪ್ಪ;
ಹೋದ ವರ್ಷ ಕಿರುಬೆರಳಿತ್ತು.
ತೂಬಿನ ಕೊಳವೆಗೆ ಪೆನ್ಸಿಲು ಒತ್ತಿದೆ, ಆಚೆಗೆ ಹೋಯಿತು.
ತೂಬಿನ ಬಾಯಿಗೆ ಬೀವರ್‌ಗಳು ಕೊಂಬೆ ತುರುಕಿವೆ;
ಅವಕ್ಕೂ ಅಣೆಕಟ್ಟಿನ ಹುಚ್ಚು, ನಮಗಿಂತ ನಿಷ್ಠೆ ಜಾಸ್ತಿ.
ಕೋಡಿಗೆ ಅಡ್ಡಲಾಗಿ ಎಮಿಲ್ ಪೇರಿಸಿದ ಹುಲ್ಲಿನ ಉರುಳೆ, ಹದಿನಾಲ್ಕು.
ಹೊರಮೈಯಲ್ಲಿ ಬ್ಯಾಜರ್ ತೋಡಿದ ಬಿಲ:
ಮಂಡಿಯೂರಿ ಭುಜದವರೆಗೆ ಕೈ ತೂರಿಸಿದೆ,
ಕೊನೆ ಸಿಗಲಿಲ್ಲ. ಬೆರಳಿಗೆ ತಣ್ಣಗೆ ಗಾಳಿ ಬಂತು,
ಒಳಗೆ ಯಾರೋ ಉಸಿರು ಬಿಟ್ಟ ಹಾಗೆ.

ಬುಡದಲ್ಲಿ ಜಿನುಗು.
ಜಿನುಗಿದರೆ ತಪ್ಪಲ್ಲ. ಮಣ್ಣಿನ ಮೈ, ಬೆವರುತ್ತದೆ.
ಬೆವರಿನ ಬಣ್ಣ ನೋಡಬೇಕು.
ಕೆಲಸ ಕಲಿಸಿದ ಹಾರ್ಲನ್ ಪೀಟ್ ಕೊಟ್ಟುಹೋದದ್ದು
ಒಂದು ಉಪ್ಪಿನಕಾಯಿಯ ಗಾಜಿನ ಜಾಡಿ, ಮೂರು ಮಾತು:
"ತಿಳಿಯಾಗಿದ್ದರೆ ಮನೆಗೆ ಹೋಗಿ ಊಟ ಮಾಡು.
ಕದಡಿದ್ದರೆ ಫೋನು ಮಾಡು.
ಕದಡು ಹೆಚ್ಚುತ್ತಿದ್ದರೆ ಫೋನು ಬೇಡ, ಓಡು, ಬಾಗಿಲು ಬಡಿ."
ಬಡಿಯಲು ಆಗ ಬಾಗಿಲೇ ಇರಲಿಲ್ಲ.
ಕೆಳಗೆ ಬರೀ ಅಲ್ಫಾಲ್ಫಾ ಹುಲ್ಲು.
ಅದಕ್ಕೇ ಫಾರಮ್ಮಿನಲ್ಲಿ 'ಅಪಾಯ: ಕಡಿಮೆ'.
ಏರಿ ಎಷ್ಟು ಗಟ್ಟಿ ಎಂದು ಕೇಳುವುದಿಲ್ಲ ಆ ಅಂಕಣ;
ಒಡೆದರೆ ಎದುರಿಗೆ ಯಾರು, ಅಷ್ಟೇ ಕೇಳುತ್ತದೆ.

ಈ ಸಲ ಯಾರೋ ಇದ್ದಾರೆ.
ಚಕ್ರ ಕಳಚಿದ ಟ್ರೈಲರು ಮನೆ, ನೀಲಿ ಟ್ರಾಂಪೊಲಿನ್,
ಎರಡು ಜಡೆ ಮೇಲೆ ಕೆಳಗೆ ಹಾರುತ್ತಿವೆ,
ನಡುವೆ ಹಲ್ಲುದುರಿದ ನಗು.
ತಾಯಿ ಎಲ್ವಿರಾ, ಗ್ವಾಟೆಮಾಲಾದ ಬೆಟ್ಟದೂರಿನವಳು,
ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಬಾಡಿಗೆ ಕಡಿಮೆ, ಎಂದಳು, ಈ ಗುಡ್ಡ ಗಾಳಿ ತಡೆಯುತ್ತದೆ.
ಗುಡ್ಡ!
ಕಾಫಿ ಕೊಟ್ಟಳು; ಕುಡಿದೆ. ಆಮೇಲೆ ತಿದ್ದಿದೆ.
ಅವಳು ಏರಿ ನೋಡಿದಳು, ಮಗಳನ್ನು ನೋಡಿದಳು, ಕೇಳಿದಳು:
"ಒಡೆದರೆ ಎಷ್ಟು ನಿಮಿಷ?"
ಹನ್ನೆರಡು ವರ್ಷ ಕಮಿಟಿಯ ಸಭೆಗಳಲ್ಲಿ ಕೂತಿದ್ದೇನೆ.
ಒಬ್ಬರೂ ಇದನ್ನು ಕೇಳಿದ್ದಿಲ್ಲ.

ಟ್ರಕ್ಕಿನ ಬಾನೆಟ್ಟಿನ ಮೇಲೆ ಫಾರಮ್ಮು ಹರಡಿ
'ಕಡಿಮೆ' ಹೊಡೆದೆ, 'ಹೆಚ್ಚು' ಬರೆದೆ.
ಏರಿ ನಿನ್ನೆಯದೇ. ಬಿಲ, ತುಕ್ಕು ನಿನ್ನೆಯವೇ.
ಒಂದು ಮಗು ಕುಣಿಯಿತು, ಅಷ್ಟೇ.
ಇನ್ನು ಲಿಂಕನ್ನಿನ ಕಚೇರಿಗೆ ಒಂಬತ್ತು ಲಕ್ಷದ ತಲೆನೋವು;
ಉರುಳೆ ತೆಗೆ ಎಂದದ್ದಕ್ಕೆ ಎಮಿಲ್
ಒಂದಷ್ಟು ದಿನ ನನ್ನೊಡನೆ ಮಾತು ಬಿಡುತ್ತಾನೆ.

ಜಾಡಿಯನ್ನು ಮಂಡಿಗಳ ನಡುವೆ ಹಿಡಿದು ತಂದೆ.
ಅಡುಗೆಮನೆಯ ಕಿಟಕಿಯಲ್ಲಿದೆ. ರಾತ್ರಿ ಹತ್ತು.
ತಿಳಿಯಾಗಿಯೇ ಇದೆ, ಅನ್ನಿಸುತ್ತದೆ.
ತಳದಲ್ಲೊಂದು ಚೂರು, ಉಗುರಿನ ಕೊಳೆಯಷ್ಟು;
ಏರಿಯದೋ, ನನ್ನ ಬೆರಳಿನದೋ.
ಪಡುವಣದಲ್ಲಿ ಮಿಂಚು, ಸದ್ದಿಲ್ಲ ಇನ್ನೂ.
ಟ್ರಕ್ಕಿನ ಕೀಲಿ ಹುಡುಕುತ್ತಿದ್ದೇನೆ.